ಅಲ್ಯಾಕ್ರಿಟಿ: ನಲಿವು ಸೋರಿಹೋದ ಒಂದು ಪದ

ಇಂಗ್ಲಿಷಿನಲ್ಲಿ ‘ಅಲ್ಯಾಕ್ರಿಟಿ’ ಎಂಬುದೊಂದು ಪದವಿದೆ. ಮಾತಿನಲ್ಲಿ ಅದು ಕಿವಿಗೆ ಬೀಳುವುದು ಅಪರೂಪ. ಪತ್ರಿಕೆಗಳ ಸಂಪಾದಕೀಯಗಳಲ್ಲಿ, ಕಚೇರಿಯ ಪತ್ರವ್ಯವಹಾರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಪದಪಟ್ಟಿಗಳಲ್ಲಿ ಅದು ಬದುಕಿಕೊಂಡಿದೆ. ವಿದ್ಯಾರ್ಥಿಗಳು ಕೊಳ್ಳುವ ಮಾರ್ಗದರ್ಶಿ ಪುಸ್ತಕಗಳನ್ನು ತೆರೆದರೆ ಅದರೆದುರು ‘ತ್ವರೆ’ ಎಂದೋ ‘ಚುರುಕು’ ಎಂದೋ ಅಚ್ಚಾಗಿರುತ್ತದೆ. ಆ ಅರ್ಥ ಸುಳ್ಳೆಂದು ಹೇಳಲಾಗದು. ಅರ್ಧ ಎಂದು ಹೇಳಬಹುದು. ಹಾವನ್ನು ಕಂಡು ಓಡುವವನಲ್ಲಿಯೂ ತ್ವರೆಯುಂಟು, ಬಸ್ಸು ಹೊರಟೀತೆಂದು ಓಡುವವನಲ್ಲಿಯೂ ತ್ವರೆಯುಂಟು. ಇವರಿಬ್ಬರ ಓಟಕ್ಕೂ ಈ ಪದ ಸಲ್ಲದು. ಮಾಡಬೇಕಾದ ಕೆಲಸವೊಂದು ಎದುರಾದಾಗ ಮನಸ್ಸು ಮೊದಲು ನಲಿದು ಎದ್ದು ನಿಂತು, ಮೈ ಅದರ ಬೆನ್ನಿಗೇ ಎದ್ದರೆ ಆಗ ಈ ಪದ ಸಲ್ಲುತ್ತದೆ. ನೆರೆಮನೆಯವರು ‘ಸ್ವಲ್ಪ ಕೈ ಹಾಕುತ್ತೀಯೇನಪ್ಪಾ’ ಎಂದು ಕೇಳಿ ಮುಗಿಸುವಷ್ಟರಲ್ಲಿ ನಗುತ್ತ ಹೊಸ್ತಿಲು ದಾಟಿರುವ ಹುಡುಗನನ್ನು ನೆನೆಸಿಕೊಂಡರೆ ಸಾಕು.

ಈ ಪದದ ಚರಿತ್ರೆಯನ್ನು ನೋಡುತ್ತ ಹೋದಾಗ ನನಗೆ ಎರಡು ಸಂಗತಿಗಳು ಕುತೂಹಲಕರವಾಗಿ ಕಂಡವು. ಒಂದು, ಬರೆಹಗಾರರಿಗೆ ಈ ಪದ ಬೇಕೆನಿಸುವುದು ಬಹುಮಟ್ಟಿಗೆ ಆ ಗುಣ ಕಾಣೆಯಾದಾಗ. ಇನ್ನೊಂದು, ಪದದ ಒಳಗಿದ್ದ ಸಂತೋಷ ಕಾಲಾಂತರದಲ್ಲಿ ಸೋರಿಹೋಗಿ ವೇಗ ಮಾತ್ರ ಉಳಿದದ್ದು.

ಮೂಲ ಲ್ಯಾಟಿನ್. ‘ಅಲಾಕೆರ್’ ಎಂದರೆ ಲವಲವಿಕೆಯುಳ್ಳವನು, ಹುರುಪಿನವನು. ಅದರ ಭಾವನಾಮ ‘ಅಲಾಕ್ರಿತಾಸ್’. ರೋಮನರು ಇದನ್ನು ಹಲವೆಡೆ ಬಳಸಿದರೂ ರಣರಂಗದ ವರ್ಣನೆಗಳಲ್ಲಿ ಅದಕ್ಕೊಂದು ವಿಶೇಷ ಕಳೆ ಬರುತ್ತದೆ. ಜೂಲಿಯಸ್ ಸೀಸರನು ತನ್ನ ಯುದ್ಧವೃತ್ತಾಂತಗಳಲ್ಲಿ ಈ ಪದವನ್ನು ಬಳಸಿರುವ ಸಂದರ್ಭಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದೊಂದು ಪಾಠದಂತಿದೆ.

ಕ್ರಿಸ್ತಪೂರ್ವ 58ರಲ್ಲಿ ಸೀಸರನ ಸೈನ್ಯ ಈಗಿನ ಫ್ರಾನ್ಸಿನ ಬೆಸಾನ್ಸೋನ್ ನಗರವಿರುವ ಎಡೆಯಲ್ಲಿ ಬೀಡುಬಿಟ್ಟಿತ್ತು. ಮುಂದೆ ಎದುರಿಸಬೇಕಾಗಿದ್ದುದು ಅರಿಯೊವಿಸ್ಟಸನ ಜರ್ಮನ್ ಪಡೆಯನ್ನು. ಊರಿನವರೂ ವ್ಯಾಪಾರಿಗಳೂ ಆ ಜರ್ಮನರ ಮೈಕಟ್ಟನ್ನು, ಅವರ ಕಣ್ಣಿನ ಉರಿಯನ್ನು ಬಣ್ಣಿಸಿ ಹೇಳಿದ್ದೇ ತಡ, ಬೀಡಿನಲ್ಲಿ ಭಯ ಹಬ್ಬಿತು. ಮೊದಲು ಹೆದರಿದವರು ಸಾಮಾನ್ಯ ಸೈನಿಕರಲ್ಲ. ಸೀಸರನ ಸ್ನೇಹಕ್ಕಾಗಿ ರೋಮಿನಿಂದ ಬಂದಿದ್ದ, ಯುದ್ಧದ ಅನುಭವವಿಲ್ಲದ ದೊಡ್ಡ ಮನೆತನದ ಅಧಿಕಾರಿಗಳು. ಒಬ್ಬೊಬ್ಬರೂ ಒಂದೊಂದು ನೆವ ಹೇಳಿ ಊರಿಗೆ ಹೊರಡಲು ಅಪ್ಪಣೆ ಬೇಡಿದರಂತೆ. ನಾಚಿಕೆಯಿಂದ ಉಳಿದವರು ಡೇರೆಯೊಳಗೆ ಕುಳಿತು ಕಣ್ಣೀರಿಟ್ಟರು. ಬೀಡಿನ ತುಂಬ ಉಯಿಲುಗಳಿಗೆ ಮೊಹರು ಬೀಳತೊಡಗಿತು. ಆಗ ಸೀಸರನು ಶತಾಧಿಪತಿಗಳೆಲ್ಲರನ್ನೂ ಕರೆಸಿ, ಬೇರೆ ಯಾರೂ ಬಾರದಿದ್ದರೂ ಹತ್ತನೆಯ ದಂಡೊಂದನ್ನೇ ಕರೆದುಕೊಂಡು ತಾನು ಹೊರಡುವೆನೆಂದು ಹೇಳಿದನು. ಭಾಷಣ ಮುಗಿದಾಗ ಎಲ್ಲರ ಮನಸ್ಸೂ ಬದಲಾಗಿ ಅವರಲ್ಲಿ ಅತ್ಯಧಿಕ ‘ಅಲಾಕ್ರಿತಾಸ್’ ಹುಟ್ಟಿತೆಂದು ಅವನು ಬರೆಯುತ್ತಾನೆ. ಬರೆದವನು ಸ್ವತಃ ಭಾಷಣಕಾರನೇ ಆದ್ದರಿಂದ ನಾವು ಸ್ವಲ್ಪ ಉಪ್ಪುಖಾರ ಕಳೆದು ಓದಬೇಕು. ಆದರೂ ಗಮನಿಸಿ: ಅವನು ಅದನ್ನು ಆಜ್ಞಾಪಿಸಿದೆನೆನ್ನುವುದಿಲ್ಲ, ಅದು ಹುಟ್ಟಿತೆನ್ನುತ್ತಾನೆ.

ಮೂರು ವರ್ಷಗಳ ಬಳಿಕ, ಕ್ರಿಸ್ತಪೂರ್ವ 55ರಲ್ಲಿ, ಅದೇ ಸೀಸರನು ಸಮುದ್ರ ದಾಟಿ ಬ್ರಿಟನ್ನಿನ ದಡಕ್ಕೆ ಬಂದನು. ಹಡಗುಗಳು ದೊಡ್ಡವು, ದಡದ ತನಕ ಬರಲಾರವು. ಭಾರವಾದ ಆಯುಧಗಳನ್ನು ಹೊತ್ತ ಸೈನಿಕರು ಆಳದ ನೀರಿಗೆ ಧುಮುಕಿ, ಅಲೆಗಳ ನಡುವೆ ಕಾಲೂರಿ, ಹೋರಾಡಬೇಕು. ಬ್ರಿಟನ್ನರಾದರೋ ಒಣನೆಲದ ಮೇಲೆ ನಿಂತು, ತಮಗೆ ಪರಿಚಿತವಾದ ನೀರಿನಲ್ಲಿ ಕುದುರೆ ಓಡಿಸುತ್ತ ಈಟಿ ಎಸೆಯುತ್ತಿದ್ದರು. ನೆಲದ ಯುದ್ಧದಲ್ಲಿ ತನ್ನವರು ತೋರುತ್ತಿದ್ದ ‘ಅಲಾಕ್ರಿತಾಸ್’ ಆ ಹೊತ್ತಿನಲ್ಲಿ ಅವರಲ್ಲಿರಲಿಲ್ಲವೆಂದು ಸೀಸರನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಯುದ್ಧದ ಹಡಗುಗಳನ್ನು ಪಕ್ಕಕ್ಕೆ ತಂದು ಕವಣೆ ಬಾಣಗಳಿಂದ ಬ್ರಿಟನ್ನರನ್ನು ಹಿಮ್ಮೆಟ್ಟಿಸಲು ಹೇಳಿದನು. ಆಗಲೂ ಸೈನಿಕರು ಹಿಂದೆಮುಂದೆ ನೋಡುತ್ತಿದ್ದರು. ಕೊನೆಗೆ ಹತ್ತನೆಯ ದಂಡಿನ ಗರುಡಧ್ವಜವನ್ನು ಹೊತ್ತವನು ದೇವರಿಗೆ ಕೈಮುಗಿದು, ಧ್ವಜ ಶತ್ರುವಿನ ಪಾಲಾಗಬಾರದೆಂದಿದ್ದರೆ ಬನ್ನಿ ಎಂದು ಕೂಗಿ ನೀರಿಗೆ ಹಾರಿದನು. ಆ ಅವಮಾನಕ್ಕೆ ಅಂಜಿ ಉಳಿದವರೂ ಹಾರಿದರು. ಇಂಗ್ಲಿಷಿನಲ್ಲಿ ಮುಂದೆ ‘ಅಲ್ಯಾಕ್ರಿಟಿ’ ಎಂದಾಗಲಿದ್ದ ಪದ ಇಂಗ್ಲೆಂಡಿನ ನೆಲದ ಕಥೆಯೊಳಗೆ ಹೀಗೆ ಪ್ರವೇಶಿಸುತ್ತದೆ: ಇಲ್ಲದ ವಸ್ತುವಿನ ಹೆಸರಾಗಿ, ಸೊಂಟದುದ್ದ ನೀರಿನಲ್ಲಿ. ಇಂಗ್ಲಿಷರೆಂಬ ಜನ ಅಲ್ಲಿಗೆ ಬಂದು ನೆಲೆಸಿದ್ದಕ್ಕಿಂತ ಐದು ಶತಮಾನಗಳಷ್ಟು ಹಿಂದಿನ ಮಾತಿದು.

ಇನ್ನೊಂದು ಪ್ರಸಂಗ ಕ್ರಿಸ್ತಪೂರ್ವ 48ರ ಫಾರ್ಸಾಲಸ್ ಯುದ್ಧದ್ದು. ಅಲ್ಲಿ ಎದುರಾಳಿಯೂ ರೋಮನನೇ, ಮಹಾಸೇನಾನಿ ಪಾಂಪೆ. ಅವನು ತನ್ನ ಸೈನಿಕರಿಗೆ ನಿಂತಲ್ಲೇ ನಿಲ್ಲಿರೆಂದು ಹೇಳಿದ್ದನು. ಸೀಸರನ ಕಡೆಯವರು ಅಷ್ಟೂ ದೂರ ಓಡಿಬಂದು ಏದುಸಿರು ಬಿಡುವಾಗ ಸುಲಭವಾಗಿ ಹೊಡೆಯಬಹುದೆಂಬ ಲೆಕ್ಕ. ಕಾಗದದ ಮೇಲೆ ಇದು ಜಾಣ ಉಪಾಯವೇ. ಆದರೆ ಅನುಭವಿಗಳಾದ ಸೀಸರನ ಸೈನಿಕರು ಎದುರಿನವರು ಕದಲದಿರುವುದನ್ನು ಕಂಡು, ಯಾರೂ ಹೇಳದೆಯೇ ನಡುದಾರಿಯಲ್ಲಿ ನಿಂತು ದಣಿವಾರಿಸಿಕೊಂಡು ಮತ್ತೆ ಮುನ್ನುಗ್ಗಿದರು. ಇದನ್ನು ವಿವರಿಸುವಾಗ ಸೀಸರನು ಕಥೆಯನ್ನು ನಿಲ್ಲಿಸಿ ಒಂದು ವಿಮರ್ಶೆ ಮಾಡುತ್ತಾನೆ. ಹೋರಾಟದ ಹಂಬಲದಿಂದ ಹೊತ್ತಿಕೊಳ್ಳುವ ಒಂದು ಮನೋವೇಗ, ಒಂದು ‘ಅಲಾಕ್ರಿತಾಸ್’, ಎಲ್ಲ ಮನುಷ್ಯರಲ್ಲಿಯೂ ಸಹಜವಾಗಿಯೇ ಇದೆ; ನಾಯಕನಾದವನು ಅದನ್ನು ಬೆಳೆಸಬೇಕೇ ಹೊರತು ಅದುಮಬಾರದು; ಕಹಳೆ ಊದುವುದು, ಒಟ್ಟಾಗಿ ಕೂಗುವುದು ಮೊದಲಾದ ಹಳೆಯ ಪದ್ಧತಿಗಳು ಹುಟ್ಟಿದ್ದೇ ಅದಕ್ಕಾಗಿ ಎಂಬುದು ಅವನ ಅಭಿಪ್ರಾಯ. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಗಳಲ್ಲಿ ನಿಂತವನಾಗಿ ಹೇಳುವುದಾದರೆ, ಬಿ.ಎಡ್. ಪಠ್ಯದಲ್ಲಿ ‘ಪ್ರೇರಣೆ’ ಎಂಬ ಅಧ್ಯಾಯ ಹತ್ತಾರು ಪುಟಗಳಲ್ಲಿ ಹೇಳಿದ್ದನ್ನು ಈ ಸೇನಾನಿ ಎರಡು ವಾಕ್ಯದಲ್ಲಿ ಮುಗಿಸಿದ್ದಾನೆ. ಕೈ ಎತ್ತಿದ ಮಗುವನ್ನು ‘ಸುಮ್ಮನೆ ಕೂತ್ಕೋ’ ಎನ್ನುವ ಉಪಾಧ್ಯಾಯರೆಲ್ಲ ಪಾಂಪೆಯ ವಂಶಸ್ಥರು.

ಆದರೆ ಸೀಸರನಿಗೆ ಈ ಗುಣದ ದೌರ್ಬಲ್ಯವೂ ಗೊತ್ತಿತ್ತು. ಗಾಲ್ ಜನರ ಬಗ್ಗೆ ಬರೆಯುತ್ತ, ಯುದ್ಧ ಹೂಡುವುದರಲ್ಲಿ ಅವರ ಮನಸ್ಸು ‘ಅಲಾಕೆರ್’, ಸೋಲು ಸಂಕಟಗಳನ್ನು ತಾಳಿಕೊಳ್ಳುವುದರಲ್ಲಿ ಮಾತ್ರ ಬಹಳ ಮೆದು ಎಂದು ತೀರ್ಮಾನಿಸುತ್ತಾನೆ. ಗೆದ್ದವನು ಸೋತವರ ಬಗ್ಗೆ ಆಡಿದ ಮಾತು ಎಂಬುದನ್ನು ಮರೆಯದೆ ಅದನ್ನು ತೆಗೆದುಕೊಳ್ಳೋಣ. ಸಿಸೆರೊ ಕೂಡ ತನ್ನ ತತ್ತ್ವಚಿಂತನೆಯ ಗ್ರಂಥವೊಂದರಲ್ಲಿ, ಪೊಳ್ಳು ಹುಮ್ಮಸ್ಸಿನಿಂದ ಕುಣಿದಾಡಿ ಕರಗಿಹೋಗುವವನು ಜ್ಞಾನಿಯಲ್ಲ ಎನ್ನುವಾಗ ಇದೇ ಪದವನ್ನು ಬಳಸುತ್ತಾನೆ. ಎಂದರೆ ಏಳುವ ಶಕ್ತಿ ಈ ಪದದಲ್ಲಿದೆ, ತಾಳುವ ಶಕ್ತಿ ಇರಲೇಬೇಕೆಂದಿಲ್ಲ.

ಇಲ್ಲಿ ನಮ್ಮ ‘ಉತ್ಸಾಹ’ವನ್ನು ಪಕ್ಕಕ್ಕಿಟ್ಟು ನೋಡುವುದು ಸೂಕ್ತ. ‘ಉತ್’ ಎಂದರೆ ಮೇಲಕ್ಕೆ. ‘ಸಹ್’ ಧಾತುವಿಗೆ ತಾಳು, ಎದುರಿಸಿ ಗೆಲ್ಲು ಎಂಬ ಅರ್ಥಗಳು. ಸಹನೆ, ಸಹಿಷ್ಣುತೆ ಹುಟ್ಟಿದ್ದು ಇದೇ ಧಾತುವಿನಿಂದ. ನಾವು ದಿನನಿತ್ಯ ಬೇರೆಬೇರೆ ದಿಕ್ಕಿಗೆ ಇಡುವ ಉತ್ಸಾಹ ಮತ್ತು ಸಹನೆ ವ್ಯಾಕರಣದಲ್ಲಿ ಒಡಹುಟ್ಟಿದವು. ಭರತನ ನಾಟ್ಯಶಾಸ್ತ್ರ ವೀರರಸಕ್ಕೆ ಸ್ಥಾಯಿಭಾವವಾಗಿ ಕ್ರೋಧವನ್ನು ಹೇಳದೆ ಉತ್ಸಾಹವನ್ನು ಹೇಳಿರುವುದು ಇದರಿಂದ ಅರ್ಥವಾಗುತ್ತದೆ. ರಾಜನೀತಿಯಲ್ಲಿ ಈ ಪದ ಇನ್ನೂ ಬಿಗಿಯಾಗಿದೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನಿಗೆ ಮೂರು ಶಕ್ತಿಗಳು: ಮಂತ್ರಶಕ್ತಿ, ಪ್ರಭುಶಕ್ತಿ, ಉತ್ಸಾಹಶಕ್ತಿ. ಉತ್ಸಾಹಕ್ಕೂ ಪ್ರಭಾವಕ್ಕೂ ಹೋಲಿಸಿದರೆ ಉತ್ಸಾಹವೇ ಮೇಲೆಂದು ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯ ಒಪ್ಪುವುದಿಲ್ಲ. ಕೋಶವೂ ಸೈನ್ಯವೂ ಉಳ್ಳವನು ಉತ್ಸಾಹಿಗಳನ್ನು ಸಂಬಳ ಕೊಟ್ಟು ತರಿಸಿಕೊಳ್ಳಬಲ್ಲನೆಂಬುದು ಅವನ ತರ್ಕದ ತಿರುಳು. ಎಲ್ಲಕ್ಕಿಂತ ಮೇಲಿನದು ಮಂತ್ರಶಕ್ತಿ, ಎಂದರೆ ವಿಚಾರಬಲ. ಸೀಸರನೂ ಕೌಟಿಲ್ಯನೂ ಎದುರುಬದುರು ಕುಳಿತಿದ್ದರೆ ಸೊಗಸಾದ ಚರ್ಚೆ ನಡೆಯುತ್ತಿತ್ತು. ಅದಿರಲಿ, ಇಂಗ್ಲಿಷ್ ಪದಕ್ಕೆ ಹಿಂದಿರುಗೋಣ.

ಕನ್ನಡ ವ್ಯಾಕರಣ ಓದಿದವರಿಗೆ ತತ್ಸಮ ತದ್ಭವಗಳ ವಿಚಾರ ಹೊಸದಲ್ಲ. ಸಂಸ್ಕೃತದ ‘ವರ್ಣ’ ಎಂಬ ಪದ ‘ವರ್ಣ’ವಾಗಿಯೇ ಉಳಿದದ್ದೂ ಉಂಟು, ಜನರ ಬಾಯಲ್ಲಿ ಸವೆದು ‘ಬಣ್ಣ’ವಾದದ್ದೂ ಉಂಟು, ಎರಡೂ ನಮ್ಮಲ್ಲಿ ಒಟ್ಟಿಗೆ ಬಾಳುತ್ತಿವೆ. ಲ್ಯಾಟಿನಿನ ‘ಅಲಾಕೆರ್’ಗೂ ಹೀಗೇ ಆಯಿತು. ಸಾಮ್ರಾಜ್ಯದ ಸಾಮಾನ್ಯ ಜನರ ಮಾತಿನಲ್ಲಿ ಅದರ ಒತ್ತು ನಡುವಿನ ಅಕ್ಷರಕ್ಕೆ ಜರುಗಿತು, ಆ ಅಕ್ಷರದ ಸ್ವರ ‘ಎ’ ಆಯಿತು, ‘ಕ್’ ಮೆತ್ತಗಾಗಿ ‘ಗ್’ ಆಯಿತು. ಇಟಲಿಯಲ್ಲಿ ಅದು ‘ಅಲ್ಲೆಗ್ರೊ’, ಸ್ಪೇನ್ ಪೋರ್ಚುಗಲ್ಲುಗಳಲ್ಲಿ ‘ಅಲೆಗ್ರೆ’, ಫ್ರೆಂಚಿನಲ್ಲಿ ‘ಅಲೇಗ್ರ್’. ಎಲ್ಲಕ್ಕೂ ನಲಿವಿನ ಅರ್ಥ. ಬ್ರೆಜಿಲ್ಲಿನ ಪೋರ್ತೊ ಅಲೆಗ್ರೆ ನಗರದ ಹೆಸರಿಗೆ ‘ನಲಿವಿನ ಬಂದರು’ ಎಂದರ್ಥ. ಕವಿ ಬೈರನ್ನನ ಮಗಳು ಅಲ್ಲೆಗ್ರಾ, 1822ರಲ್ಲಿ ಐದೇ ವರ್ಷದವಳಾಗಿ ತೀರಿಕೊಂಡ ಆ ಮಗು, ಹೊತ್ತಿದ್ದುದೂ ಇದೇ ಹೆಸರು. ನಮ್ಮ ಔಷಧದಂಗಡಿಗಳಲ್ಲಿ ಸೀನು, ತುರಿಕೆಗಳಿಗೆ ಕೊಡುವ ಅಲ್ಲೆಗ್ರಾ ಮಾತ್ರೆಯ ಹೆಸರನ್ನು ಕೇಳಿದಾಗಲೆಲ್ಲ ನನಗೆ ಈ ವಂಶವೃಕ್ಷ ನೆನಪಾಗುತ್ತದೆ.

ಇಂಗ್ಲಿಷ್ ಎರಡನ್ನೂ ಎರವಲು ಪಡೆಯಿತು. ಹದಿನೈದನೆಯ ಶತಮಾನದಲ್ಲಿ ಪಂಡಿತರ ಮೂಲಕ ತತ್ಸಮವಾದ ‘ಅಲ್ಯಾಕ್ರಿಟಿ’ ಬಂತು; ಹದಿನೇಳನೆಯ ಶತಮಾನದಲ್ಲಿ ಸಂಗೀತಗಾರರ ಮೂಲಕ ತದ್ಭವವಾದ ‘ಅಲ್ಲೆಗ್ರೊ’ ಬಂತು. ಮಿಲ್ಟನ್ ಕವಿಯ 1645ರಲ್ಲಿ ಅಚ್ಚಾದ ಕವಿತೆಯೊಂದಕ್ಕೆ ‘ಲಲ್ಲೆಗ್ರೊ’ ಎಂದು ಹೆಸರು. ಸಂತೋಷಚಿತ್ತನ ಒಂದು ದಿನ ಅದರ ವಸ್ತು.

ಶೇಕ್ಸ್‌ಪಿಯರನ ನಾಟಕಗಳಲ್ಲಿ ‘ಅಲ್ಯಾಕ್ರಿಟಿ’ ಎದ್ದು ಕಾಣುವ ಎರಡು ಸ್ಥಳಗಳಿವೆ. ಮೂರನೆಯ ರಿಚರ್ಡ್ ದೊರೆ ಬಾಸ್ವರ್ತ್ ಯುದ್ಧದ ಹಿಂದಿನ ರಾತ್ರಿ ಡೇರೆಯಲ್ಲಿದ್ದಾನೆ. ಇತಿಹಾಸದಲ್ಲಿ ಆ ಯುದ್ಧ ನಡೆದದ್ದು 1485ರ ಆಗಸ್ಟ್ 22ರಂದು. ಸಿಂಹಾಸನಕ್ಕಾಗಿ ಕೊಲೆಗಳ ಮೇಲೆ ಕೊಲೆ ಮಾಡಿಸಿ, ನಾಟಕದುದ್ದಕ್ಕೂ ಒಂದು ಕ್ರೂರವಾದ ಗೆಲುವಿನಿಂದ ಓಡಾಡಿದವನು ಆ ರಾತ್ರಿ ಒಂದು ಬಟ್ಟಲು ದ್ರಾಕ್ಷಾರಸ ತರಲು ಹೇಳುತ್ತಾನೆ. ಎಂದಿನ ‘ಅಲ್ಯಾಕ್ರಿಟಿ’ ತನ್ನ ಮನಸ್ಸಿನಲ್ಲಿಲ್ಲವೆಂದು ಕಾರಣ ಕೊಡುತ್ತಾನೆ. ಪ್ರೇತಗಳು ಬರುವುದು ಆಮೇಲೆ. ಅವನು ಸೋಲುತ್ತಾನೆಂದು ಪ್ರೇಕ್ಷಕನಿಗೆ ಗೊತ್ತಾಗಲು ನನ್ನ ಮಟ್ಟಿಗೆ ಪ್ರೇತಗಳ ಅಗತ್ಯವೇ ಇಲ್ಲ. ಈ ಒಂದು ಮಾತು ಸಾಕು. ಪಾಪಿಯಲ್ಲಿಯೂ ಇರಬಹುದಾದ, ಹೋದರೆ ಸೇವಕನಿಗೆ ಹೇಳಿ ತರಿಸಿಕೊಳ್ಳಲಾಗದ ವಸ್ತು ಅದು.

ಎರಡನೆಯದು ನಗೆಯ ಸನ್ನಿವೇಶ. ಹೊಟ್ಟೆಬಾಕ ಫಾಲ್‌ಸ್ಟಾಫನು ವಿಂಡ್ಸರಿನ ಗೃಹಿಣಿಯರಿಗೆ ಪ್ರೇಮಪತ್ರ ಬರೆಯಲು ಹೋಗಿ ಸಿಕ್ಕಿಬೀಳುತ್ತಾನೆ. ಕೊಳೆಬಟ್ಟೆಯ ಬುಟ್ಟಿಯೊಳಗೆ ಅವನನ್ನು ತುರುಕಿ ಥೇಮ್ಸ್ ನದಿಗೆ ಸುರಿಯುತ್ತಾರೆ. ಮೈ ಒದ್ದೆಯಾಗಿ ಬಂದವನು, ತನ್ನ ಗಾತ್ರ ನೋಡಿದರೆ ಮುಳುಗುವುದರಲ್ಲಿ ತನಗೆಷ್ಟು ‘ಅಲ್ಯಾಕ್ರಿಟಿ’ಯುಂಟೆಂದು ಯಾರಾದರೂ ಊಹಿಸಬಹುದೆಂದು ಗೊಣಗುತ್ತಾನೆ. ಕಲ್ಲು ಮುಳುಗುವಾಗ ಉತ್ಸಾಹದಿಂದ ಮುಳುಗುತ್ತದೆಯೇ? ಹಾಸ್ಯ ಇರುವುದೇ ಅಲ್ಲಿ. ನಲಿವಿಲ್ಲದ ವೇಗಕ್ಕೆ ಈ ಪದವನ್ನು ಹಚ್ಚಿದ್ದರಿಂದ ಅಂದಿನ ಪ್ರೇಕ್ಷಕರು ನಕ್ಕರು. ಇಂದಿನ ಓದುಗನಿಗೆ ಪದದ ಅರ್ಥ ಬರಿಯ ‘ಶೀಘ್ರತೆ’ ಎಂದಾದರೆ ನಗೆಯ ಅರ್ಧಭಾಗ ಆವಿಯಾಗುತ್ತದೆ. ಅರ್ಥ ಸವೆದರೆ ಆಗುವ ನಷ್ಟ ಇಂಥದ್ದು.

1755ರಲ್ಲಿ ಸಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಹೊರತಂದಾಗ ಈ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಹೊರಗೆ ಕಾಣಿಸಿಕೊಳ್ಳುವ ಸಂತೋಷವೇ ಮೊದಲನೆಯದು. ಅಲ್ಲಿಂದ ಮುಂದಕ್ಕೆ ಸರ್ಕಾರಿ ಪತ್ರಗಳೂ ವರದಿಗಳೂ ಈ ಪದವನ್ನು ಹಿಡಿದುಕೊಂಡವು. ಅಪ್ಪಣೆಗಳನ್ನು ‘ಅಲ್ಯಾಕ್ರಿಟಿ’ಯಿಂದ ಪಾಲಿಸಲಾಯಿತೆಂದು ಬರೆಯುವುದು ಶಿಷ್ಟಾಚಾರವಾಯಿತು. ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೂ ಈ ಹೆಸರಿಟ್ಟಿತು. ಆ ಹೆಸರಿನ ಒಂದು ನೌಕೆ 1811ರಲ್ಲಿ ಕಾರ್ಸಿಕಾ ದ್ವೀಪದ ಬಳಿ ಫ್ರೆಂಚರಿಗೆ ಸೆರೆಯಾಯಿತು. ಇನ್ನೊಂದು 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಕಾದಾಡಿ, 1994ರಲ್ಲಿ ಪಾಕಿಸ್ತಾನಕ್ಕೆ ಹಸ್ತಾಂತರಗೊಂಡು ‘ಬದ್ರ್’ ಎಂಬ ಹೊಸ ಹೆಸರು ಪಡೆಯಿತು. ನಮ್ಮ ಶಾಲೆಗಳ ವಾರ್ಷಿಕ ವರದಿಗಳಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬ ವಾಕ್ಯ ಮಳೆ ಬಂದ ವರ್ಷವೂ ಬಿಸಿಲಿದ್ದ ವರ್ಷವೂ ಬದಲಾಗದೆ ಬರುತ್ತದಷ್ಟೆ. ಹಾಗೆ ಬರೆದೂ ಬರೆದೂ ಪದದ ಬಣ್ಣ ಮಾಸುತ್ತದೆ. ಇಂಗ್ಲಿಷಿನಲ್ಲಿ ಇಂದು ‘ಸರ್ಕಾರ ಅಲ್ಯಾಕ್ರಿಟಿಯಿಂದ ಕ್ರಮ ಕೈಗೊಳ್ಳಲಿ’ ಎಂದು ಬರೆಯುವವರು ಸರ್ಕಾರ ಸಂತೋಷಪಡಲೆಂದು ಬಯಸುತ್ತಿಲ್ಲ. ಕಡತ ಬೇಗ ಚಲಿಸಲಿ ಎನ್ನುತ್ತಿದ್ದಾರೆ, ಅಷ್ಟೆ.

ಅಚ್ಚರಿಯೆಂದರೆ ತದ್ಭವಕ್ಕೂ ಇದೇ ಗತಿಯಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ‘ಅಲ್ಲೆಗ್ರೊ’ ಎಂಬ ಸೂಚನೆ ಮೊದಲಿಗೆ ಭಾವಸೂಚಕ: ನಲಿವಿನಿಂದ ನುಡಿಸು ಎಂದು. ಕ್ರಮೇಣ ಅದು ವೇಗದ ಹೆಸರಾಯಿತು. ನಮ್ಮ ಸಂಗೀತದ ವಿಳಂಬ, ಮಧ್ಯ, ದ್ರುತ ಎಂಬ ಹೆಸರುಗಳಿಗೆ ಈ ತೊಡಕಿಲ್ಲ. ಅವು ಮೊದಲಿನಿಂದಲೂ ಕಾಲಪ್ರಮಾಣದ ಮಾತುಗಳು. 1817ರಲ್ಲಿ ಬೇಥೋವನ್ ತನ್ನ ಸ್ನೇಹಿತ ಮೊಸೆಲ್ ಎಂಬವನಿಗೆ ಬರೆದ ಕಾಗದದಲ್ಲಿ ಇದನ್ನೇ ಹಿಡಿದು ಆಕ್ಷೇಪಿಸಿದ್ದಾನೆ. ‘ಅಲ್ಲೆಗ್ರೊ’ ಎಂದರೆ ನಲಿವು, ಆದರೆ ಆ ಹಣೆಪಟ್ಟಿ ಹೊತ್ತ ಕೃತಿ ಎಷ್ಟೋ ಸಲ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತಿರುತ್ತದೆ, ಇಂಥ ಅರ್ಥಹೀನ ಹೆಸರುಗಳನ್ನು ಬಿಟ್ಟುಬಿಡೋಣ ಎಂಬುದು ಅವನ ವಾದ. ಮೆಲ್‌ಟ್ಸೆಲ್ ಎಂಬವನ ಮೆಟ್ರೊನೋಮ್ ಯಂತ್ರ ಆಗಷ್ಟೇ ಬಳಕೆಗೆ ಬಂದಿತ್ತು. ವೇಗವನ್ನು ಅದು ಅಂಕಿಯಲ್ಲಿ ಹೇಳಲಿ, ಪದಗಳನ್ನು ಭಾವಕ್ಕೆ ಮೀಸಲಿಡೋಣ ಎಂದು ಅವನು ಬಯಸಿದನು. ಬಯಕೆ ಕೈಗೂಡಲಿಲ್ಲ. 1824ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿ ಕೇಳಿಬಂದ ಅವನದೇ ಒಂಬತ್ತನೆಯ ಸಿಂಫನಿಯ ಮೊದಲ ಭಾಗ, ಗುಡುಗು ಕವಿದಂಥ ಆ ಗಂಭೀರ ಸಂಗೀತ, ‘ಅಲ್ಲೆಗ್ರೊ’ ಎಂಬ ಪದದಿಂದಲೇ ಆರಂಭವಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಇದನ್ನು ಏನೆನ್ನಬೇಕು? ‘ಹುರುಪು’ ಹತ್ತಿರ ಬರುತ್ತದೆ. ‘ಹುಮ್ಮಸ್ಸು’ ಸ್ವಲ್ಪ ಗದ್ದಲದ್ದು. ಉತ್ತರ ಕರ್ನಾಟಕದವರ ‘ಉಮೇದು’ ಬಲು ಸೊಗಸು. ಪಾರಸಿಯಲ್ಲಿ ಅದಕ್ಕೆ ಭರವಸೆ ಎಂದರ್ಥ, ಚುನಾವಣೆಗೆ ನಿಂತ ‘ಉಮೇದುವಾರ’ನೂ ಅದೇ ಭರವಸೆಯವನು. ನನ್ನ ಆಯ್ಕೆ ‘ಲವಲವಿಕೆ’. ಚುರುಕೂ ಗೆಲುವೂ ಅದರಲ್ಲಿ ಇನ್ನೂ ಬೆಸೆದುಕೊಂಡಿವೆ, ಕಡತಗಳ ಧೂಳು ಅದಕ್ಕೆ ಅಂಟಿಲ್ಲ. ಆದರೂ ಒಂದು ಪದಕ್ಕೆ ಒಂದು ಪದವಿಟ್ಟು ಕೈತೊಳೆದುಕೊಳ್ಳುವ ಬದಲು ವಾಕ್ಯ ನೋಡಿ ತೀರ್ಮಾನಿಸುವುದೇ ಲೇಸು.

ಉದಾಹರಣೆಗೆ, ಈ ಪದ ತನ್ನ ತುಂಬು ಅರ್ಥದಲ್ಲಿ ಕಾಣಿಸಿಕೊಳ್ಳುವ ಒಂದು ಸಂದರ್ಭ 1815ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿದೆ. ಹ್ಯಾರಿಯೆಟ್ ಎಂಬ ಹುಡುಗಿ ಅಂದು ಮನೆಗೆ ಬಂದಿದ್ದಾಳೆ. ಅವಳನ್ನು ತಿದ್ದಿ ತೀಡಿ ದೊಡ್ಡವರ ಸಹವಾಸಕ್ಕೆ ತರಬೇಕೆಂಬ ಯೋಜನೆ ಎಮ್ಮಾಳ ತಲೆಯಲ್ಲಿ ಮೊಳೆತಿದೆ, ಹೊತ್ತು ಹೋದದ್ದೇ ಅವಳಿಗೆ ತಿಳಿದಿಲ್ಲ. ಆ ಯೋಜನೆ ಮುಂದೆ ಎಷ್ಟೊಂದು ಎಡವಟ್ಟುಗಳಿಗೆ ದಾರಿಯಾಗುತ್ತದೆಂಬುದು ಬೇರೆ ಮಾತು. ಈಗ ಮಾತ್ರ ಅವಳು ಊಟದ ಮೇಜಿಗೆ ಬಂದು, ಎಂದಿಗಿಂತ ಮಿಗಿಲಾದ ‘ಅಲ್ಯಾಕ್ರಿಟಿ’ಯಿಂದ ಅತಿಥಿಗಳ ಉಪಚಾರಕ್ಕೆ ತೊಡಗುತ್ತಾಳೆ. ಇತ್ತ ಅವಳ ತಂದೆಗೆ ಎಲ್ಲರ ಜೀರ್ಣಶಕ್ತಿಯದೇ ಚಿಂತೆ. ಬೇಯಿಸಿದ ಒಂದು ಸಣ್ಣ ಮೊಟ್ಟೆ ತೆಗೆದುಕೊಳ್ಳಿ, ತೆಳ್ಳನೆಯ ಗಂಜಿ ಕುಡಿಯಿರಿ ಎಂದು ಆ ಮುದುಕರು ಒಬ್ಬೊಬ್ಬರನ್ನೂ ಪ್ರೀತಿಯಿಂದ ತಡೆಯುತ್ತಿದ್ದಾರೆ. ಮಗಳು ಅವರ ಮಾತಿಗೆ ಎದುರಾಡದೆ ಕೋಳಿಮಾಂಸವನ್ನೂ ಸಿಂಪಿಯನ್ನೂ ಅತಿಥಿಗಳ ತಟ್ಟೆಗೆ ದಾಟಿಸುತ್ತಿದ್ದಾಳೆ. ಇಲ್ಲಿ ‘ತ್ವರೆಯಿಂದ ಬಡಿಸಿದಳು’ ಎಂದರೆ ಪಂಕ್ತಿ ಮುಗಿಸುವ ಅವಸರವಾಗುತ್ತದೆ. ‘ಉತ್ಸಾಹದಿಂದ ಬಡಿಸಿದಳು’ ಎಂದರೆ ವಾರ್ಷಿಕ ವರದಿಯಾಗುತ್ತದೆ. ನಮ್ಮ ಮದುವೆಮನೆಗಳಲ್ಲಿ ಹೋಳಿಗೆಯ ತಟ್ಟೆ ಹಿಡಿದು, ಬೇಡವೆಂದು ಕೈ ಅಡ್ಡ ಇಟ್ಟವರ ಬೆರಳ ಸಂದಿಯಲ್ಲಿಯೇ ಇನ್ನೊಂದನ್ನು ಜಾರಿಸಿ ನಗುತ್ತ ಮುಂದಿನ ಎಲೆಗೆ ಹೋಗುವ ಅತ್ತಿಗೆಯರನ್ನು ಕಂಡವನಾದ್ದರಿಂದ, ನಾನಾದರೆ ಆ ಹೆಣ್ಣುಮಗಳು ‘ಅಂದು ಓಡಾಡಿ ಬಡಿಸಿದಳು’ ಎಂದು ಅನುವಾದಿಸುತ್ತಿದ್ದೆ.